ಪ್ರತಿಕ್ರಿಯೆ: ನೆನೆದ ಬೆರಳು ಸುಕ್ಕಾಗುವುದೇಕೆ?

ನೀರಲ್ಲಿ ಜಾಸ್ತಿ ಹೊತ್ತು ಇದ್ದರೆ ಬೆರಳ ತುದಿ ಸುಕ್ಕಾಗುವುದು ಚರ್ಮ ನೀರು ಹೀರಿ ಉಬ್ಬುವುದರಿಂದಲೇ ಅಲ್ವಾ ಅಂತ ಕೇಳಿದ್ದೀರಿ. ನಾನೂ ಬಹಳ ಕಾಲ ಹಾಗೇ ನಂಬಿದ್ದೆ. ಆದರೆ ಬೆರಳಿನ ನರ ತುಂಡಾಗಿದ್ದರೆ ಎಷ್ಟು ನೆನೆದರೂ ಆ ಸುಕ್ಕು ಬರುವುದಿಲ್ಲ. ವೈದ್ಯರು ಇದನ್ನು 1930ರ ದಶಕದಲ್ಲೇ ಗಮನಿಸಿದ್ದರು. ಬರೀ ಉಬ್ಬುವುದಾಗಿದ್ದರೆ ನರದ ಹಂಗು ಯಾಕೆ?

ನೀರು ಬೆವರಿನ ರಂಧ್ರಗಳೊಳಗೆ ಇಳಿದಾಗ ನರಗಳು ರಕ್ತನಾಳಗಳನ್ನು ಕುಗ್ಗಿಸುತ್ತವೆ. ಬೆರಳೊಳಗಿನ ತಿರುಳು ತಗ್ಗುತ್ತದೆ. ಮೇಲಿನ ಚರ್ಮ ಒಳಕ್ಕೆ ಎಳೆದುಕೊಂಡು ಮಡಚಿಕೊಳ್ಳುತ್ತದೆ. ಬೆಚ್ಚಗಿನ ನೀರಲ್ಲಿ ಇದು ಇನ್ನೂ ಬೇಗ.

ಉಪಯೋಗ ಏನು ಅಂದರೆ, ಒದ್ದೆ ವಸ್ತು ಜಾರದಂತೆ ಹಿಡಿಯಲು, ಟೈರಿನ ಗೀರುಗಳ ಹಾಗೆ ಅಂತಾರೆ. 2013ರ ಒಂದು ಪ್ರಯೋಗದಲ್ಲಿ ಸುಕ್ಕು ಬೆರಳಿನವರು ಒದ್ದೆ ಗೋಲಿಗಳನ್ನು ಬೇಗ ಸಾಗಿಸಿದರು. ಮರುವರ್ಷದ ಇನ್ನೊಂದು ಪ್ರಯೋಗದಲ್ಲಿ ಆ ಲಾಭ ಕಾಣಲೇ ಇಲ್ಲ!