ಮನೆಯ ದಿನನಿತ್ಯದ ಅಭ್ಯಾಸಗಳಿಂದ ನಮ್ಮ ಕಾರ್ಬನ್ ಹೊರೆ ಇಳಿಸುವುದು ಹೇಗೆ?

ಕಾರ್ಬನ್ ಹೊರೆ ಅಂದರೆ ನಮ್ಮ ಬಳಕೆಯಿಂದ ಗಾಳಿಗೆ ಸೇರಿ ಭೂಮಿಯನ್ನು ಬಿಸಿ ಮಾಡುವ ಅನಿಲಗಳ ಲೆಕ್ಕ. ಬಚ್ಚಲುಮನೆಯಿಂದ ಶುರು ಮಾಡಿ. ಒಂದು ಬಕೆಟ್, ಅಂದರೆ 20 ಲೀಟರ್ ನೀರಿನ ಬಿಸಿ 20 ಡಿಗ್ರಿಯಷ್ಟು ಏರಲು ಹತ್ತಿರ ಹತ್ತಿರ ಅರ್ಧ ಯೂನಿಟ್ ಕರೆಂಟು ಬೇಕು. ನಮ್ಮ ದೇಶದ ಕರೆಂಟಿನಲ್ಲಿ ಬಹುಪಾಲು ಕಲ್ಲಿದ್ದಲಿನದು. ಹಾಗಾಗಿ ಯೂನಿಟ್‌ಗೆ ಸುಮಾರು 700 ಗ್ರಾಂ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ನಾಲ್ಕು ಜನರ ಸ್ನಾನಕ್ಕೇ ದಿನಕ್ಕೆ ಒಂದು ಕಿಲೋಗಿಂತ ಜಾಸ್ತಿ ಆಯಿತು, ಅಲ್ವಾ? ಶವರ್ ಬಿಟ್ಟು ಬಕೆಟ್ ಹಿಡಿಯಿರಿ. ಬೇಸಿಗೆಯಲ್ಲಿ ತಣ್ಣೀರು ಸಾಕು. ತಾರಸಿ ನಿಮ್ಮದೇ ಆಗಿದ್ದರೆ ನೀರು ಕಾಯಿಸುವ ಸೋಲಾರ್ ಹಾಕಿಸಿ, ಇದಕ್ಕಿಂತ ದೊಡ್ಡ ಉಳಿತಾಯ ಮನೆಯೊಳಗೆ ಸಿಗುವುದು ಕಷ್ಟ.

ಇನ್ನು ಗ್ಯಾಸ್. 14.2 ಕಿಲೋ ಸಿಲಿಂಡರ್ ಪೂರ್ತಿ ಉರಿದರೆ ಸುಮಾರು 42 ಕಿಲೋ ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಡಲೆಕಾಳು, ಹುರುಳಿ ಎಲ್ಲ ರಾತ್ರಿಯೇ ನೆನೆಹಾಕಿ, ಬೇಗ ಬೇಯುತ್ತವೆ. ಕುಕ್ಕರ್ ಒಮ್ಮೆ ಕೂಗಿದ ಕೂಡಲೇ ಉರಿ ಸಣ್ಣ ಮಾಡಿ. ಆಮೇಲೆ ದೊಡ್ಡ ಉರಿ ಇಟ್ಟರೂ ಒಳಗಿನ ಶಾಖ ಏರುವುದಿಲ್ಲ, ಸುಮ್ನೆ ಆವಿ ಹೊರಗೆ ಹೋಗುತ್ತದೆ ಅಷ್ಟೆ. ನಮ್ಮ ಮನೆಯಲ್ಲಿ ಈ ಎರಡರಿಂದಲೇ ಸಿಲಿಂಡರ್ ಒಂದು ವಾರ ಹೆಚ್ಚು ಬರುತ್ತಿದೆ.

ಹಳೇ ಫ್ಯಾನ್ 75 ವ್ಯಾಟ್ ತಿನ್ನುತ್ತದೆ, ಬಿಎಲ್‌ಡಿಸಿ ಫ್ಯಾನ್‌ಗೆ (ಬ್ರಷ್ ಇಲ್ಲದ ಮೋಟಾರಿನ, ಕಡಿಮೆ ಕರೆಂಟಿನ ಫ್ಯಾನ್) 30 ಸಾಕು. ಕೆಟ್ಟಾಗ ಬದಲಾಯಿಸಿ, ಚೆನ್ನಾಗಿರುವುದನ್ನು ಬಿಸಾಡಬೇಡಿ.

ತರಕಾರಿ ಸಿಪ್ಪೆಯನ್ನು ಕಸದ ಗಾಡಿಗೆ ಹಾಕಬೇಡಿ. ಕಸದ ಗುಡ್ಡೆಯಡಿ ಗಾಳಿಯಿಲ್ಲದೆ ಕೊಳೆತರೆ ಮೀಥೇನ್ ಹುಟ್ಟುತ್ತದೆ, ಇದೂ ಭೂಮಿಯನ್ನು ಬಿಸಿ ಮಾಡುವ ಅನಿಲವೇ. ತೂತು ಮಾಡಿದ ಹಳೇ ಬಕೆಟ್‌ನಲ್ಲಿ ಒಣ ಎಲೆಯ ಜೊತೆ ಪದರ ಪದರವಾಗಿ ಹಾಕಿ, ವಾರಕ್ಕೊಮ್ಮೆ ಕೆದಕಿ. ಎರಡು ಮೂರು ತಿಂಗಳಲ್ಲಿ ಕರಿಬೇವಿನ ಗಿಡಕ್ಕೆ ಗೊಬ್ಬರ ರೆಡಿ.