ಹಳೆಯ ಆಕ್ಟೇವಿಯಾ 1.8 ಟರ್ಬೊಗೆ ಸಿಲಿಕೋನ್ ವ್ಯಾಕ್ಯೂಮ್ ಪೈಪು ಹಾಕಿಸಬಹುದೆ?

ನೀವು ಕೇಳಿರುವುದು ಇಷ್ಟು: ಗಾಡಿ ದಾವಣಗೆರೆಯಲ್ಲಿದೆ, ಹಳೆಯ ಸ್ಕೋಡಾ ಆಕ್ಟೇವಿಯಾ 1.8 ಟರ್ಬೊ ಪೆಟ್ರೋಲ್. ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಏರಿಳಿಯುತ್ತದೆ, ಪಿಕಪ್ ಕುಸಿದಿದೆ, ವ್ಯಾಕ್ಯೂಮ್ ಪೈಪುಗಳು ಒಣಗಿ ಬಿರಿದಿವೆ. ಎಲ್ಲವನ್ನೂ ಕಿತ್ತು ಸಿಲಿಕೋನ್ ಪೈಪು, ಹಿತ್ತಾಳೆ ಟೀ (ಮೂರು ಬಾಯಿಯ ಜೋಡಣೆ) ಹಾಕಿಸಿದರೆ ಸರಿಹೋಗುತ್ತದೆಯೆ, ಎಷ್ಟು ಮೀಟರ್ ತರಬೇಕು?

ಹಾಕಿಸಬಹುದು, ಆದರೆ ಎಲ್ಲ ಕಡೆಗೂ ಅಲ್ಲ. ಬಾನೆಟ್ ಕೆಳಗಿನ ಸಣ್ಣ ಪೈಪುಗಳು ನೋಡಲು ಒಂದೇ ಥರ, ಒಳಗೆ ಓಡಾಡುವುದು ಮಾತ್ರ ಬೇರೆ ಬೇರೆ. ಕೆಲವದರಲ್ಲಿ ಬರೀ ಗಾಳಿ, ಕೆಲವದರಲ್ಲಿ ಎಂಜಿನ್ ಎಣ್ಣೆಯ ಹಬೆ, ಒಂದರಲ್ಲಿ ಪೆಟ್ರೋಲ್ ಆವಿ. ಸಿಲಿಕೋನ್ 180 ಡಿಗ್ರಿ ಶಾಖಕ್ಕೂ ಜಗ್ಗುವುದಿಲ್ಲ. ಎಣ್ಣೆಗೆ ಮಾತ್ರ ಸೋಲುತ್ತದೆ. ಎಣ್ಣೆ ಹಬೆ ಹಾಯುವ ಕಡೆ ಹಾಕಿದರೆ ಕೆಲವು ತಿಂಗಳಲ್ಲಿ ಉಬ್ಬಿ ಮೆತ್ತಗಾಗಿ, ಪೈಪಿನ ಮೈಯೆಲ್ಲ ಬೆವರಿದ ಹಾಗೆ ಜಿಡ್ಡು ಬರುತ್ತದೆ. ಆದ್ದರಿಂದ ಕ್ರ್ಯಾಂಕ್‌ಕೇಸ್ ಗಾಳಿ ಹೊರಬಿಡುವ ಬ್ರೀದರ್ ಪೈಪುಗಳಿಗೆ ಕಂಪನಿಯ ಅಚ್ಚಿನ ರಬ್ಬರ್ ಪೈಪನ್ನೇ ಹಾಕಿಸಿ. ಇಲ್ಲವಾದರೆ ಒಳಪದರ ಫ್ಲೋರೋಸಿಲಿಕೋನ್ ಇರುವುದನ್ನು ಹುಡುಕಿ. ಫ್ಯೂಯಲ್ ಪ್ರೆಶರ್ ರೆಗ್ಯುಲೇಟರ್‌ಗೆ ಹೋಗುವ ಸಣ್ಣ ಪೈಪಿಗೆ ಪೆಟ್ರೋಲ್ ತಾಳುವ ವಿಟಾನ್ ರಬ್ಬರ್ ಒಳ್ಳೆಯದು. ಆ ಪೈಪನ್ನು ಬಿಚ್ಚಿದಾಗ ಒಳಗೆ ಪೆಟ್ರೋಲ್ ತೇವ ಕಂಡರೆ ಪೈಪಿನದು ತಪ್ಪಲ್ಲ, ರೆಗ್ಯುಲೇಟರ್ ಒಳಗಿನ ಡಯಾಫ್ರಾಮ್ ಹರಿದಿದೆ; ಅದನ್ನು ಬದಲಿಸದೆ ಮುಂದಕ್ಕೆ ಹೋಗಬೇಡಿ.

ಮೊದಲು ಯಾವುದು ಲೀಕ್ ಎಂದು ಗೊತ್ತುಮಾಡಿಕೊಳ್ಳಿ. ಈ ಎಂಜಿನ್‌ಗೆ ಬರುವ ಮೂಲ ಪೈಪಿಗೆ ಹೊರಗೆ ಹತ್ತಿಯ ನೂಲಿನ ನೇಯ್ಗೆ ಇರುತ್ತದೆ. ನೇಯ್ಗೆ ಗಟ್ಟಿಯಾಗಿಯೇ ಕಾಣುತ್ತದೆ, ಒಳಗಿನ ರಬ್ಬರ್ ಹಪ್ಪಳವಾಗಿರುತ್ತದೆ. ನಿಪ್ಪಲ್‌ನಿಂದ (ಪೈಪು ಕೂರುವ ಮೂತಿ) ಎರಡು ಬೆರಳು ಹಿಂದಕ್ಕೆ ಹಿಡಿದು ಹಿಸುಕಿ ನೋಡಿ: ಚಟಚಟ ಅಂದರೆ ಮುಗಿಯಿತು. ಬಗ್ಗಿಸಿದಾಗ ನೇಯ್ಗೆಯ ಸಂದಿಯಿಂದ ಕಪ್ಪು ಪುಡಿ ಬೆರಳಿಗೆ ಅಂಟಿದರೂ ಅದೇ ತೀರ್ಪು.

ಒಂದೇ ಲೀಕ್ ಎರಡು ಥರ ಕಾಟ ಕೊಡುವುದು ಯಾಕೆ ಎಂದು ತಿಳಿದರೆ ಅರ್ಧ ಕೆಲಸ ಆದ ಹಾಗೆ. ಐಡ್ಲಿಂಗ್‌ನಲ್ಲಿ ಮ್ಯಾನಿಫೋಲ್ಡ್ (ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ವ್ಯಾಕ್ಯೂಮ್ ಇರುತ್ತದೆ. ಆಗ ಬಿರುಕಿನಿಂದ ಒಳಬರುವ ಗಾಳಿಯನ್ನು ಏರ್ ಮಾಸ್ ಸೆನ್ಸರ್ ಅಳೆದಿರುವುದಿಲ್ಲ, ಪೆಟ್ರೋಲ್ ಕಮ್ಮಿ ಬಿದ್ದು ಆರ್‌ಪಿಎಂ ತೂಗಾಡುತ್ತದೆ. ಬೂಸ್ಟ್ (ಟರ್ಬೊ ತಳ್ಳುವ ಗಾಳಿಯ ಒತ್ತಡ) ಬಂದಾಗ ಅದೇ ಬಿರುಕಿನಿಂದ ಅಳೆದ ಗಾಳಿ ಹೊರಗೆ ಹೋಗುತ್ತದೆ, ಪೆಟ್ರೋಲ್ ಹೆಚ್ಚಾಗಿ ಹೊಗೆ ಕಪ್ಪಾಗುತ್ತದೆ. ಸ್ಕ್ಯಾನರ್‌ನಲ್ಲಿ ಮೆಷರಿಂಗ್ ಬ್ಲಾಕ್ 032 ತೆರೆಯಿರಿ. ಮೊದಲ ಅಂಕಿ ಐಡ್ಲಿಂಗ್‌ನಲ್ಲಿ ಪೆಟ್ರೋಲ್‌ನ ತಿದ್ದುಪಡಿ, ಎರಡನೆಯದು ಗಾಡಿ ಎಳೆಯುವಾಗಿನದು. ಮೊದಲನೆಯದು ಮಾತ್ರ ಪ್ಲಸ್ ಕಡೆಗೆ ಬಹಳ ಓಡಿದ್ದರೆ ವ್ಯಾಕ್ಯೂಮ್ ಲೀಕ್ ಹುಡುಕಿ. ಎರಡನೆಯದೇ ಪ್ಲಸ್‌ನಲ್ಲಿದ್ದರೆ ಏರ್ ಮಾಸ್ ಸೆನ್ಸರ್, ಫ್ಯೂಯಲ್ ಫಿಲ್ಟರ್, ಪಂಪ್ ಕಡೆ ನೋಡಿ; ಪೈಪು ಬದಲಿಸಿ ದುಡ್ಡು ಕಳೆಯಬೇಡಿ.

ವ್ಯಾಕ್ಯೂಮ್ ಗೇಜ್ ಇಟ್ಟು ನೋಡುವವರಿಗೆ ಒಂದು ಮಾತು. ಪುಸ್ತಕದಲ್ಲಿ ಐಡ್ಲಿಂಗ್‌ಗೆ 18ರಿಂದ 21 ಇಂಚು ಪಾದರಸ ಎಂದಿರುವುದು ಸಮುದ್ರ ಮಟ್ಟದ ಲೆಕ್ಕ. ಸಾವಿರ ಅಡಿಗೆ ಸುಮಾರು ಒಂದು ಇಂಚು ಕಳೆಯಬೇಕು. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ, ಹಾಗಾಗಿ ಇಲ್ಲಿ 16ರಿಂದ 19 ಬಂದರೆ ಎಂಜಿನ್ ಸರಿಯಾಗಿದೆ. ಚಿತ್ರದುರ್ಗದಲ್ಲಿ ಇನ್ನೂ ಚೂರು ಕಮ್ಮಿ. 17 ಬಂತು ಎಂದು ವಾಲ್ವ್ ಕೆಲಸಕ್ಕೆ ಎಂಜಿನ್ ಬಿಚ್ಚಿಸಬೇಡಿ.

ಈಗ ಅಳತೆ. ಸಣ್ಣ ಪೈಪುಗಳ ಒಳವ್ಯಾಸ ಹೆಚ್ಚುಪಾಲು 3.5 ಮಿ.ಮೀ. ಸಿಲಿಕೋನ್‌ನಲ್ಲಿ 3.5 ಅಥವಾ 4 ಮಿ.ಮೀ. ಸಿಗುತ್ತದೆ; ನಿಪ್ಪಲ್‌ಗಿಂತ ಅರ್ಧದಿಂದ ಒಂದು ಮಿ.ಮೀ. ಚಿಕ್ಕದಿರುವುದನ್ನೇ ಆರಿಸಿ, ಬಿಗಿಯಾಗಿ ಕೂರಲಿ. ಅದು ಸುಮಾರು 4 ಮೀಟರ್, 6 ಮಿ.ಮೀ.ನದು ಒಂದು ಮೀಟರ್, 8 ಮಿ.ಮೀ.ನದು ಒಂದು ಮೀಟರ್ ತಂದರೆ ಸಾಮಾನ್ಯವಾಗಿ ಸಾಕು. ಆದರೆ ತರುವ ಮುಂಚೆ ನಿಮ್ಮ ಗಾಡಿಯ ಮೇಲೆ ದಾರ ಹಿಡಿದು ಅಳೆದುಕೊಳ್ಳಿ. ಗೋಡೆಯ ದಪ್ಪ ನೋಡುವುದನ್ನು ಎಲ್ಲರೂ ಮರೆಯುತ್ತಾರೆ. ಒಳವ್ಯಾಸದ ಅರ್ಧದಷ್ಟಾದರೂ ಗೋಡೆ ಇರಬೇಕು: 4 ಮಿ.ಮೀ. ಪೈಪಿಗೆ 2 ಮಿ.ಮೀ. ಗೋಡೆ, 6ಕ್ಕೆ 3. ತೆಳು ಪೈಪು ಅಂಗಡಿಯಲ್ಲಿ ಚೆನ್ನಾಗಿ ಕಾಣುತ್ತದೆ, ಬಿಸಿಯಾದ ಮೇಲೆ ತಿರುವಿನಲ್ಲಿ ವ್ಯಾಕ್ಯೂಮ್ ಎಳೆದಾಗ ಬಾಯಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ತಣ್ಣಗಿದ್ದಾಗ ಸರಿ, ಬಿಸಿಯಾದಾಗ ತೊಂದರೆ ಎಂದು ಬರುವ ಎಷ್ಟೋ ಗಾಡಿಗಳ ಗುಟ್ಟು ಇದೇ.

ಬ್ರೇಕ್ ಬೂಸ್ಟರ್ ಪೈಪಿಗೆ ಮಾತ್ರ ಕೈ ಹಾಕಬೇಡಿ. ಅದು ಕೆಟ್ಟಿದ್ದರೆ ಚೆಕ್ ವಾಲ್ವ್ ಸಮೇತ ಕಂಪನಿಯದನ್ನೇ ತರಿಸಿ.

ಊರಿನಲ್ಲಿ ಸಿಗುವ ಸಾಮಾನಿನ ವಿಷಯ. ಮಿಲ್ಲುಗಳಿಗೆ ನ್ಯೂಮ್ಯಾಟಿಕ್ ಸಾಮಾನು ಮಾರುವ ಅಂಗಡಿಯಲ್ಲಿ ನೀಲಿ ಪಿಯು (ಪಾಲಿಯುರೆಥೇನ್) ಟ್ಯೂಬ್, ಚುಚ್ಚಿದರೆ ಕಚ್ಚಿಕೊಳ್ಳುವ ಫಿಟಿಂಗ್ ಸಿಗುತ್ತವೆ. ಆರ್‌ಒ ನೀರಿನ ಫಿಲ್ಟರ್‌ನದೂ ಅದೇ ಜಾತಿ. ಎರಡೂ ಬೇಡ. ಆ ಟ್ಯೂಬಿನ ಶಾಖ ಮಿತಿ 60 ಡಿಗ್ರಿ ಆಸುಪಾಸು. ಏಪ್ರಿಲ್‌ನಲ್ಲಿ ಟ್ರಾಫಿಕ್‌ನಲ್ಲಿ ನಿಂತ ಟರ್ಬೊ ಗಾಡಿಯ ಬಾನೆಟ್ ಒಳಗೆ ಅಷ್ಟು ಶಾಖ ಯಾವ ಲೆಕ್ಕ. ಅಕ್ವೇರಿಯಂ ಟೀ ಅಂತೂ ಮೇಣದ ಹಾಗೆ ಬಾಗುತ್ತದೆ. ಪಿ.ಬಿ. ರಸ್ತೆ ಕಡೆ ಲಾರಿ ಬಿಡಿಭಾಗ ಮಾರುವವರಲ್ಲಿ ಸಿಗುವ ಏರ್ ಬ್ರೇಕ್ ನೈಲಾನ್ ಪೈಪು ಮಾತ್ರ ಉಪಯೋಗಕ್ಕೆ ಬರುತ್ತದೆ. ಟರ್ಬೊದಿಂದ ದೂರ, ನೇರವಾಗಿ ಹೋಗುವ ಉದ್ದ ಹಾದಿಗೆ ಅದನ್ನು ಹಾಕಿ, ಎರಡೂ ತುದಿಗೆ ಎರಡಿಂಚು ರಬ್ಬರ್ ಪೈಪು ಕೊಡಿ. ಟೀಗೆ ಗ್ಲಾಸ್ ತುಂಬಿದ ನೈಲಾನ್ ಆದರೂ ಸಾಕು. ಹಿತ್ತಾಳೆ ಹಾಕುವುದಾದರೆ ಅದರ ತೂಕಕ್ಕೆ ಒಂದು ಆಸರೆ ಕಟ್ಟಿ, ಇಲ್ಲದಿದ್ದರೆ ಎಂಜಿನ್ ನಡುಕಕ್ಕೆ ಪಕ್ಕದ ಪ್ಲಾಸ್ಟಿಕ್ ನಿಪ್ಪಲ್ ಮುರಿಯುತ್ತದೆ. ಹಳೆಯ ಟೀ ಎಸೆಯುವ ಮುಂಚೆ ಬೆಳಕಿಗೆ ಹಿಡಿದು ಒಳಗೆ ನೋಡಿ. ಒಂದು ಬದಿಯ ತೂತು ಬೇಕೆಂದೇ ಕಿರಿದಾಗಿದ್ದರೆ ಅದು ಗಾಳಿಯ ವೇಗ ತಡೆಯಲು ಇಟ್ಟದ್ದು, ಹೊಸದರಲ್ಲೂ ಅಷ್ಟೇ ಕಿರಿದಿರಬೇಕು.

ಕ್ಲಿಪ್ ವಿಷಯದಲ್ಲಿ ನಾನು ಸ್ವಲ್ಪ ಹಟಮಾರಿ. ಪೆಟ್ರೋಲ್ ಟರ್ಬೊದಲ್ಲಿ ಮ್ಯಾನಿಫೋಲ್ಡ್‌ನ ಪೈಪನ್ನು ಒಂದು ಕ್ಷಣ ಒಳಕ್ಕೆ ಹೀರುತ್ತದೆ, ಮರುಕ್ಷಣ ಹೊರಕ್ಕೆ ತಳ್ಳುತ್ತದೆ. ಬೂಸ್ಟ್ ಕಾಣುವ ಪ್ರತಿ ತುದಿಗೂ ಸ್ಪ್ರಿಂಗ್ ಕ್ಲಿಪ್ ಅಥವಾ ಕಿವಿ ಹಿಂಡುವ ಸ್ಟೀಲ್ ಕ್ಲಿಪ್ ಬೇಕು. ಸ್ಕ್ರೂ ಕ್ಲಿಪ್‌ನ ಹಲ್ಲು ಸಿಲಿಕೋನ್ ಕೊಯ್ಯುತ್ತದೆ. ಪ್ಲಾಸ್ಟಿಕ್ ಟೈ ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಸಡಿಲ.

ಕೆಲಸಕ್ಕೆ ಎಂಜಿನ್ ಪೂರ್ತಿ ತಣ್ಣಗಿರಲಿ. ನಾಲ್ಕು ದಿಕ್ಕಿನಿಂದ ಫೋಟೊ ತೆಗೆದು, ಒಂದು ಪೈಪು ಬಿಚ್ಚಿ, ಅದನ್ನೇ ಅಳತೆಗೆ ಹಿಡಿದು ಹೊಸದನ್ನು ಕತ್ತರಿಸಿ, ಹಾಕಿ, ಆಮೇಲೆ ಇನ್ನೊಂದಕ್ಕೆ ಹೋಗಿ. ಎಲ್ಲವನ್ನೂ ಒಟ್ಟಿಗೆ ಕಿತ್ತರೆ ಮತ್ತೆ ಜೋಡಿಸುವುದು ಜಾತ್ರೆಯಲ್ಲಿ ಮಗು ಹುಡುಕಿದ ಹಾಗೆ. ಹಳೆಯ ಪೈಪನ್ನು ಎಳೆಯಬೇಡಿ, ತಿರುಗಿಸಿ ಸಡಿಲಿಸಿ. ಬರದಿದ್ದರೆ ಹೇರ್ ಡ್ರೈಯರ್ ಹಿಡಿಯಿರಿ. ಬ್ಲೇಡಿನಿಂದ ಉದ್ದಕ್ಕೆ ಸೀಳುವಾಗ ಪ್ಲಾಸ್ಟಿಕ್ ನಿಪ್ಪಲ್‌ಗೆ ಗೀರು ಬಿದ್ದರೆ ಹೊಸ ಪೈಪು ಅಲ್ಲೇ ಲೀಕ್ ಆಗುತ್ತದೆ. ಹೊಸದನ್ನು ಹೊಸ ಬ್ಲೇಡಿನಿಂದ ನೇರಕ್ಕೆ ಕತ್ತರಿಸಿ, ಸೋಪು ನೀರು ಹಚ್ಚಿ 12ರಿಂದ 15 ಮಿ.ಮೀ. ಒಳಗೆ ಕೂರಿಸಿ. ಎಂಜಿನ್ ಎಣ್ಣೆ ಹಚ್ಚಬೇಡಿ.

ಹೆಚ್ಚು ಎಚ್ಚರ ಬೇಕಾಗಿರುವುದು ಬೂಸ್ಟ್ ಹತೋಟಿಯಲ್ಲಿಡುವ ಎನ್75 ವಾಲ್ವ್‌ನ ಮೂರು ಪೈಪುಗಳಲ್ಲಿ. ಒಂದು ಟರ್ಬೊದ ಕಂಪ್ರೆಸರ್‌ನಿಂದ ಬರುತ್ತದೆ, ಒಂದು ವೇಸ್ಟ್‌ಗೇಟ್ (ಹೆಚ್ಚಾದ ಹೊಗೆಯನ್ನು ಟರ್ಬೊಗೆ ಹೋಗದಂತೆ ಪಕ್ಕಕ್ಕೆ ಬಿಡುವ ಬಾಗಿಲು) ತೆರೆಯುವ ಆಕ್ಚುವೇಟರ್‌ಗೆ ಹೋಗುತ್ತದೆ, ಮೂರನೆಯದು ಟರ್ಬೊ ಮುಂಚಿನ ಇನ್‌ಟೇಕ್ ಪೈಪಿಗೆ ಗಾಳಿ ಬಿಡುತ್ತದೆ. ಮೊದಲ ಎರಡರಲ್ಲಿ ಯಾವುದಾದರೂ ಕಳಚಿದರೆ ವೇಸ್ಟ್‌ಗೇಟ್ ತೆರೆಯುವುದೇ ಇಲ್ಲ, ಬೂಸ್ಟ್ ಮಿತಿ ಮೀರಿ ಇಸಿಯು, ಅಂದರೆ ಗಾಡಿಯ ಕಂಪ್ಯೂಟರ್, ಎಂಜಿನ್‌ನ ಕತ್ತು ಹಿಡಿಯುತ್ತದೆ. ಮೂರನೆಯದು ಮಡಚಿ ಮುಚ್ಚಿಕೊಂಡರೆ ತದ್ವಿರುದ್ಧ: ವೇಸ್ಟ್‌ಗೇಟ್ ಬೇಗ ತೆರೆದು ಬೂಸ್ಟ್ ಏರುವುದೇ ಇಲ್ಲ. ಈ ಮೂರರ ಉದ್ದ, ಒಳವ್ಯಾಸ ಮೂಲದಂತೆಯೇ ಇರಲಿ. ದೊಡ್ಡ ಪೈಪು ಹಾಕಿದರೆ ಒಳಗಿನ ಗಾಳಿಯ ಪ್ರಮಾಣ ಹೆಚ್ಚಿ ವಾಲ್ವ್‌ನ ಮಾತು ಆಕ್ಚುವೇಟರ್‌ಗೆ ತಡವಾಗಿ ತಲುಪುತ್ತದೆ, ಬೂಸ್ಟ್ ಗುರಿ ದಾಟಿ ಜಿಗಿಯುತ್ತದೆ. ಟರ್ಬೊ ಪಕ್ಕ ಹಾಯುವ ಭಾಗಕ್ಕೆ ಗ್ಲಾಸ್ ಫೈಬರ್ ತೋಳು ಹಾಕಿ. ಬೂಸ್ಟ್ ಗೇಜ್‌ಗೆ ಟೀಯನ್ನು ಈ ಮೂರರಿಂದಲೂ ರೆಗ್ಯುಲೇಟರ್ ಪೈಪಿನಿಂದಲೂ ತೆಗೆಯಬೇಡಿ.

ಎಕ್ಸಲರೇಟರ್ ಬಿಟ್ಟಾಗ ಬೂಸ್ಟ್ ಗಾಳಿಯನ್ನು ಹಿಂದಕ್ಕೆ ಬಿಡುವ ಡೈವರ್ಟರ್ ವಾಲ್ವ್‌ನ ತಲೆಗೆ ಹೋಗುವ ಪೈಪು ಲೀಕ್ ಆದರೆ ಬೂಸ್ಟ್ ಬಂದಾಗ ಅದರ ಸ್ಪ್ರಿಂಗ್ ಒಂದೇ ಹಿಡಿದುಕೊಳ್ಳಲಾರದೆ ಗಾಳಿ ಹಿಂದಕ್ಕೆ ಸೋರುತ್ತದೆ. ಎಕ್ಸಲರೇಟರ್ ಬಿಟ್ಟಾಗ ಪಾರಿವಾಳ ರೆಕ್ಕೆ ಬಡಿದಂತೆ ಪಟಪಟ ಸದ್ದು ಬರುತ್ತಿದ್ದರೆ ಅಲ್ಲಿ ನೋಡಿ. ಡೈವರ್ಟರ್ ವಾಲ್ವ್ ನಡೆಸುವ ಎನ್249 ವಾಲ್ವ್ ತೆಗೆದು ಹಾಕಿ ಪೈಪು ನೇರ ಮಾಡುವ ಸಲಹೆ ಕೊಡುವವರು ಸಿಗುತ್ತಾರೆ. ಗಾಡಿ ಸ್ಟಾಕ್ ಇದ್ದರೆ ಅದರಿಂದ ಲಾಭವಿಲ್ಲ, ಕನೆಕ್ಟರ್ ಕಿತ್ತರೆ ಎಂಜಿನ್ ಲೈಟ್ ಉಚಿತ.

ಚೆಕ್ ವಾಲ್ವ್‌ಗಳನ್ನು ಬಾಯಿಂದ ಊದಿ ನೋಡಿ: ಒಂದು ಕಡೆಯಿಂದ ಸಲೀಸು, ಇನ್ನೊಂದು ಕಡೆಯಿಂದ ಪೂರ್ತಿ ಬಂದ್. ಬ್ರೀದರ್‌ನ ಚೆಕ್ ವಾಲ್ವ್ ಕೆಟ್ಟರೆ ಬೂಸ್ಟ್ ಕ್ರ್ಯಾಂಕ್‌ಕೇಸ್‌ಗೆ ನುಗ್ಗಿ ಸೀಲ್‌ಗಳಿಂದ ಎಣ್ಣೆ ಹೊರತಳ್ಳುತ್ತದೆ, ಡಿಪ್‌ಸ್ಟಿಕ್ ಮೇಲೇಳುತ್ತದೆ.

ಎಲ್ಲ ಆದಮೇಲೆ ಪ್ರೆಶರ್ ಟೆಸ್ಟ್. ಟರ್ಬೊದ ಇನ್‌ಟೇಕ್ ಬಾಯಿಗೆ ಸರಿಹೊಂದುವ ಪಿವಿಸಿ ಎಂಡ್ ಕ್ಯಾಪ್‌ಗೆ ಟೈರ್ ವಾಲ್ವ್ ಕೂರಿಸಿ, ಕ್ಲಾಂಪ್ ಬಿಗಿದು, ಕಂಪ್ರೆಸರ್‌ನ ಗಾಳಿ ರೆಗ್ಯುಲೇಟರ್ ಮೂಲಕ 8ರಿಂದ 10 ಪಿಎಸ್‌ಐ ಗಾಳಿ ಬಿಡಿ. ಅದಕ್ಕೆ ಮುಂಚೆ ಇನ್‌ಟೇಕ್‌ಗೆ ಸೇರುವ ಬ್ರೀದರ್ ಪೈಪಿನ ತುದಿ ಮುಚ್ಚಿ, ಎಣ್ಣೆ ತುಂಬುವ ಮುಚ್ಚಳ ತೆಗೆದಿಡಿ, ಇಲ್ಲವಾದರೆ ಒತ್ತಡ ಎಣ್ಣೆ ಸೀಲ್ ಮೇಲೆ ಬೀಳುತ್ತದೆ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ನೇರ ಕೊಟ್ಟರೆ ಕ್ಯಾಪ್ ಬುಲೆಟ್ ಆಗುತ್ತದೆ. ಅದರ ಎದುರಿಗೆ ನಿಲ್ಲಬೇಡಿ. ಪ್ರತಿ ಕೀಲಿಗೂ ಸೋಪಿನ ನೊರೆ ಹಚ್ಚಿ, ಗುಳ್ಳೆ ಎದ್ದಲ್ಲಿ ತಿದ್ದಿ. ಕಾರ್ಬ್ ಕ್ಲೀನರ್ ಎರಚಿ ಲೀಕ್ ಹುಡುಕುವುದು ಬಿಸಿ ಟರ್ಬೊ ಪಕ್ಕ ಬೆಂಕಿಗೆ ಆಹ್ವಾನ.

ಬ್ರೇಕ್ ಪೆಡಲ್ ಪರೀಕ್ಷೆ ತಪ್ಪಿಸಬೇಡಿ. ಎಂಜಿನ್ ಆಫ್ ಇದ್ದಾಗ ನಾಲ್ಕೈದು ಸಲ ತುಳಿದು, ಕಾಲು ಒತ್ತಿಯೇ ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗಿಳಿಯಬೇಕು. ಇಳಿಯದಿದ್ದರೆ ಗಾಡಿ ಗೇಟು ದಾಟುವುದು ಬೇಡ.

ಕೊನೆಗೆ ಸ್ಕ್ಯಾನರ್‌ನಲ್ಲಿ ಬ್ಲಾಕ್ 115. ಇಗ್ನಿಷನ್ ಆನ್, ಎಂಜಿನ್ ಆಫ್ ಇದ್ದಾಗ ಬೂಸ್ಟ್ ಅಂಕಿ ದಾವಣಗೆರೆಯಲ್ಲಿ ಸುಮಾರು 940 ಮಿಲಿಬಾರ್ ತೋರಿಸಬೇಕು, ಅದು ಊರಿನ ಗಾಳಿಯ ಒತ್ತಡ. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ಸ್ಕ್ಯಾನರ್ ಹಿಡಿದು ಕೂರಿಸಿಕೊಂಡು ಆನಗೋಡು ಕಡೆ ಹೆದ್ದಾರಿಗೆ ಹೋಗಿ, ಮೂರನೇ ಗೇರಿನಲ್ಲಿ ಎಳೆಯಿರಿ. ಇಸಿಯು ಕೇಳಿದ ಬೂಸ್ಟ್ ಮತ್ತು ಸಿಕ್ಕ ಬೂಸ್ಟ್ ಅಕ್ಕಪಕ್ಕ ಇರುತ್ತವೆ. ಸಿಕ್ಕದ್ದು ಕೇಳಿದ್ದಕ್ಕಿಂತ ಉದ್ದಕ್ಕೂ ಹಿಂದುಳಿದರೆ ಇನ್ನೂ ಎಲ್ಲೋ ಸೋರುತ್ತಿದೆ. ಮೇಲೆ ಜಿಗಿದರೆ ಎನ್75 ಪೈಪುಗಳಿಗೆ ವಾಪಸ್ ಬನ್ನಿ. 500 ಕಿ.ಮೀ. ಓಡಿಸಿದ ಮೇಲೆ ಕ್ಲಿಪ್‌ಗಳನ್ನು ಒಮ್ಮೆ ಮುಟ್ಟಿ ನೋಡಿ. ಗಾಡಿ ನಿಲ್ಲಿಸುವುದು ಮೆಕ್ಕೆಜೋಳದ ಗೋದಾಮಿನ ಪಕ್ಕವಾದರೆ ಅದಕ್ಕೂ ಮುಂಚೆಯೇ ಬಾನೆಟ್ ಎತ್ತಿ, ಇಲಿಗೆ ಸಿಲಿಕೋನ್, ರಬ್ಬರ್ ಎಂಬ ಭೇದವಿಲ್ಲ.