ನಾಲ್ಕನೇ ಆಯಾಮ ಮೊದಲು ಕೈಗೆ ಸಿಗಲಿ

ಓದುಗರ ಪತ್ರ: "ನಾಲ್ಕನೇ ಆಯಾಮದ ಬಗ್ಗೆ ನೀವು ಹಾಕಿದ ಲೇಖನ ಓದಿದೆ. ಟೆಸರಾಕ್ಟ್, ಅಂದರೆ ನಾಲ್ಕು ಆಯಾಮದ ಘನ, ಗಿರಗಿರ ತಿರುಗುವ ವೀಡಿಯೊಗಳನ್ನೂ ನೋಡಿದೆ. ಡಬ್ಬಿಯೊಳಗೆ ಡಬ್ಬಿ. ಒಳಗಿನದು ಹೊರಗೆ ಬರುತ್ತೆ, ಹೊರಗಿನದು ಒಳಗೆ ಹೋಗುತ್ತೆ, ಅಷ್ಟೇ. ತಲೆಗೆ ಏನೂ ಹತ್ತಲಿಲ್ಲ. ಗಣಿತ ಕಲಿಸುವ ಗೆಳೆಯನನ್ನು ಕೇಳಿದೆ. 'ನಾಲ್ಕನೇ ಆಯಾಮ ಅಂದ್ರೆ ಕಾಲ. ಅದನ್ನ ಯಾರೂ ಕಲ್ಪಿಸಿಕೊಳ್ಳೋಕಾಗಲ್ಲ, ಸಮೀಕರಣ ಗೊತ್ತಿದ್ರೆ ಸಾಕು' ಅಂದ. ಹಾಗಾದರೆ ನಮ್ಮಂಥವರು ಯಾಕೆ ತಲೆ ಕೆಡಿಸಿಕೊಳ್ಳಬೇಕು? ನಿಮಗಾದರೂ ಅದು ಕಾಣುತ್ತಾ?"

ಸಂಪಾದಕರ ಉತ್ತರ:

ಕೊನೆಯ ಪ್ರಶ್ನೆಗೆ ಕೊನೆಯಲ್ಲಿ ಬರುತ್ತೇನೆ. ಮೊದಲು ನಿಮ್ಮ ಗೆಳೆಯರ ಮಾತು.

ಅವರು ಸುಳ್ಳು ಹೇಳಿಲ್ಲ. 1908ರ ಸೆಪ್ಟೆಂಬರ್ 21ರಂದು ಕಲೋನ್ ನಗರದಲ್ಲಿ ಹರ್ಮನ್ ಮಿಂಕೋವ್‌ಸ್ಕಿ ಒಂದು ಭಾಷಣ ಮಾಡಿದರು. ಒಂದು ಕಾಲಕ್ಕೆ ಐನ್‌ಸ್ಟೈನ್‌ಗೆ ಪಾಠ ಹೇಳಿದ್ದ ಮೇಷ್ಟ್ರು ಅವರು. ಉದ್ದ, ಅಗಲ, ಎತ್ತರದ ಜೊತೆಗೆ ಕಾಲವನ್ನೂ ಸೇರಿಸಿ ಒಂದೇ ಲೆಕ್ಕ ಮಾಡಬೇಕು ಎಂಬುದು ಅಲ್ಲಿಂದ ಗಟ್ಟಿಯಾಯಿತು. ಭೌತವಿಜ್ಞಾನಕ್ಕೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಆ ಲೆಕ್ಕವನ್ನು ಸ್ವಲ್ಪ ಗಮನಿಸಿ. ಉದ್ದ, ಅಗಲ, ಎತ್ತರದ ವರ್ಗಗಳನ್ನು ಕೂಡುತ್ತಾರೆ, ಕಾಲದ ವರ್ಗವನ್ನು ಕಳೆಯುತ್ತಾರೆ. ಆ ಒಂದು ಚಿಹ್ನೆ ಬದಲಾದ್ದರಿಂದ ಕಾಲ ಉಳಿದ ಮೂರರಂತೆ ಆಗುವುದಿಲ್ಲ. ಮಲಗಿಸಿದ ಕೋಲನ್ನು ಎತ್ತಿ ನಿಲ್ಲಿಸಬಹುದು. ಅದನ್ನೇ ಕಾಲದ ದಿಕ್ಕಿಗೆ ತಿರುಗಿಸಿ ನಿಲ್ಲಿಸಲು ಬರುವುದಿಲ್ಲ. ನೀವು ನೋಡಿದ ಟೆಸರಾಕ್ಟ್‌ನಲ್ಲಿ ನಾಲ್ಕೂ ದಿಕ್ಕುಗಳು ಸಮಾನ. ಅಲ್ಲಿ ಕಾಲದ ಮಾತೇ ಇಲ್ಲ.

ಆ ನಾಲ್ಕನೇ ದಿಕ್ಕಿನ ಯೋಚನೆ ಮಿಂಕೋವ್‌ಸ್ಕಿಗಿಂತ ಬಹಳ ಹಳೆಯದು. 1827ರಲ್ಲೇ ಜರ್ಮನಿಯ ಗಣಿತಜ್ಞ ಮೋಬಿಯಸ್ ಒಂದು ವಿಷಯ ಗಮನಿಸಿದ್ದರು. ಕಾಗದದಲ್ಲಿ ಎಡಗೈಯ ಆಕಾರ ಕತ್ತರಿಸಿ ಮೇಜಿನ ಮೇಲಿಡಿ. ಮೇಜಿನ ಮೇಲೆ ಎಷ್ಟೇ ಜಾರಿಸಿ, ಎಷ್ಟೇ ತಿರುಗಿಸಿ, ಅದು ಬಲಗೈ ಆಗುವುದಿಲ್ಲ. ಮೇಲೆತ್ತಿ ಮಗುಚಿ ಹಾಕಿದರೆ ಆಯಿತು. ನಮ್ಮ ನಿಜವಾದ ಎಡಗೈಯೂ ಅಷ್ಟೇ. ಇನ್ನೊಂದು ದಿಕ್ಕಿಗೆ ಎತ್ತಿ ಮಗುಚಲು ಜಾಗ ಇದ್ದಿದ್ದರೆ ಅದು ಬಲಗೈಯಾಗಿ ವಾಪಸ್ ಬರುತ್ತಿತ್ತು. ಇದಕ್ಕೆ ಸಮೀಕರಣ ಬೇಕಾಯಿತಾ? ಒಂದು ಕತ್ತರಿ, ಒಂದು ಕಾಗದ. ನನಗೆ ಈ ಇಡೀ ವಿಷಯದಲ್ಲಿ ಇಷ್ಟವಾಗುವುದೇ ಇದು.

ಸಮೀಕರಣ ಸಾಕು ಎಂಬ ವಾದಕ್ಕೂ ಗೌರವ ಕೊಡೋಣ. ಸ್ವಿಟ್ಜರ್‌ಲೆಂಡಿನ ಲುಡ್ವಿಗ್ ಶ್ಲೇಫ್ಲಿ 1850ರಿಂದ 1852ರ ಹೊತ್ತಿಗೆ ಬರೀ ಬೀಜಗಣಿತದ ಬಲದಿಂದ ಎಷ್ಟೋ ಆಯಾಮಗಳ ಜ್ಯಾಮಿತಿಯನ್ನೇ ಬರೆದಿಟ್ಟರು. ಮೂರು ಆಯಾಮದಲ್ಲಿ ಘನದಂಥ ಪೂರ್ತಿ ಸಮ ಆಕಾರಗಳು ಐದು. ನಾಲ್ಕರಲ್ಲಿ ಆರು, ಐದರಿಂದ ಮೇಲೆ ಎಲ್ಲ ಕಡೆ ಮೂರೇ ಎಂದು ತೋರಿಸಿದವರು ಅವರು. ಆ ಬರಹ ಪೂರ್ತಿಯಾಗಿ ಅಚ್ಚಾಗಿದ್ದು 1901ರಲ್ಲಿ, ಅವರು ತೀರಿಕೊಂಡ ಆರು ವರ್ಷದ ಮೇಲೆ. ದೊಡ್ಡ ಮನುಷ್ಯ, ಒಪ್ಪಿದೆ.

ನನ್ನ ಮನಸ್ಸು ಮಾತ್ರ ಆಲಿಸಿಯಾ ಬೂಲ್ ಕಡೆಗೆ. ತರ್ಕದ ಬೀಜಗಣಿತ ಕಟ್ಟಿದ ಜಾರ್ಜ್ ಬೂಲ್ ಅವರ ಮಗಳು. 1860ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದರು. ನಾಲ್ಕು ವರ್ಷಕ್ಕೇ ಅಪ್ಪ ಹೋದರು. ಐದು ಹೆಣ್ಣುಮಕ್ಕಳ ಮನೆ, ಕೈಯಲ್ಲಿ ಕಾಸಿಲ್ಲ. ಗಣಿತದಲ್ಲಿ ಆಕೆಗೆ ಸಿಕ್ಕ ಶಿಕ್ಷಣ ಯೂಕ್ಲಿಡ್‌ನ ಜ್ಯಾಮಿತಿ ಪುಸ್ತಕದ ಮೊದಲ ಎರಡು ಭಾಗಗಳು, ಅಷ್ಟೇ. ಹದಿನೆಂಟರ ಸುಮಾರಿಗೆ ಅವರ ಮನೆಗೆ ಚಾರ್ಲ್ಸ್ ಹೋವರ್ಡ್ ಹಿಂಟನ್ ಎಂಬ ಮೇಷ್ಟ್ರು ಮರದ ಪುಟ್ಟ ಘನಗಳ ರಾಶಿ ತಂದರು. ಆಮೇಲೆ ಆಲಿಸಿಯಾಳ ಅಕ್ಕನನ್ನೇ ಮದುವೆಯಾದರು. ನಾಲ್ಕನೇ ಆಯಾಮವನ್ನು ಅಭ್ಯಾಸದಿಂದ ಮನಸ್ಸಿಗೆ ತಂದುಕೊಳ್ಳಬಹುದು ಎಂಬುದು ಹಿಂಟನ್ನರ ಹಟ. ಘನಗಳಿಗೆ ಹೆಸರಿಟ್ಟು, ಬಣ್ಣ ಬಳಿದು, ಯಾವುದರ ಪಕ್ಕ ಯಾವುದು ಎಂದು ಬಾಯಿಪಾಠ ಮಾಡಿಸುತ್ತಿದ್ದರು. ಟೆಸರಾಕ್ಟ್ ಎಂಬ ಹೆಸರು ಬಂದಿದ್ದು ಅವರಿಂದಲೇ.

ಬೇರೆಯವರಿಗೆ ಬೇಸರ ತರಿಸಬಹುದಾದ ಈ ಆಟ ಆಲಿಸಿಯಾಳ ಕೈಯಲ್ಲಿ ಬೇರೆಯೇ ಆಯಿತು. ನಾಲ್ಕು ಆಯಾಮದ ಆರೂ ಸಮ ಆಕಾರಗಳನ್ನು ಆಕೆ ತಾನಾಗಿಯೇ ಕಂಡುಕೊಂಡಳು. ಶ್ಲೇಫ್ಲಿ ಹೆಸರನ್ನೂ ಕೇಳಿರಲಿಲ್ಲ. ಅವುಗಳಲ್ಲಿ ಒಂದರ ಮೈ 600 ಚತುರ್ಮುಖಗಳಿಂದ, ಅಂದರೆ ನಾಲ್ಕು ತ್ರಿಕೋನ ಮುಖಗಳ ಆಕಾರಗಳಿಂದ, ಆದದ್ದು. ಅಂಥದ್ದು ನಮ್ಮ ಜಾಗದ ಮೂಲಕ ಹಾದುಹೋದರೆ ಒಂದೊಂದು ಕ್ಷಣದಲ್ಲಿ ಯಾವ ಆಕಾರ ಕಾಣಿಸುತ್ತದೆ ಎಂದು ಯೋಚಿಸಿ, ಆ ಒಂದೊಂದು ತುಂಡನ್ನೂ ರಟ್ಟಿನಲ್ಲಿ ಕತ್ತರಿಸಿ ಅಂಟಿಸಿ ಸಾಲಾಗಿ ಜೋಡಿಸಿದಳು. ಮದುವೆ, ಇಬ್ಬರು ಮಕ್ಕಳು, ಸಂಸಾರ, ಇದರ ನಡುವೆಯೇ ಈ ಕೆಲಸ. ನೆದರ್‌ಲೆಂಡಿನ ಗ್ರೊನಿಂಗನ್ನಿನಲ್ಲಿ ಸ್ಖೌಟೆ ಎಂಬ ಪ್ರೊಫೆಸರ್ ಇಂಥದೇ ಛೇದಗಳನ್ನು ಲೆಕ್ಕ ಹಾಕಿ ಪ್ರಕಟಿಸಿದ್ದರು. ಗಂಡ ಅದನ್ನು ನೋಡಿ ಹೇಳಿದ ಮೇಲೆ ಆಲಿಸಿಯಾ ತನ್ನ ರಟ್ಟಿನ ಮಾದರಿಗಳ ಫೋಟೊ ಕಳಿಸಿದಳು. ಅವರ ಲೆಕ್ಕ, ಈಕೆಯ ರಟ್ಟು ಎರಡೂ ಒಂದೇ! ಸುಮಾರು ಎರಡು ದಶಕ ಇಬ್ಬರೂ ಜೊತೆಯಾಗಿ ಕೆಲಸ ಮಾಡಿದರು. 1914ರಲ್ಲಿ ಗ್ರೊನಿಂಗನ್ ವಿಶ್ವವಿದ್ಯಾಲಯ ಆಕೆಗೆ ಗೌರವ ಡಾಕ್ಟರೇಟ್ ಕೊಟ್ಟಿತು. ಕಾಲೇಜಿನ ಮೆಟ್ಟಿಲು ಹತ್ತದ ಹೆಂಗಸಿಗೆ.

ನಿಮ್ಮ ಗೆಳೆಯರು ಯಾರಿಗೂ ಆಗಲ್ಲ ಅಂದರಲ್ಲ, ಅವರಿಗೆ ಈ ಆಲಿಸಿಯಾಳ ಕಥೆ ಹೇಳಿ.

ಈಗ ನಿಮ್ಮ ಡಬ್ಬಿಯೊಳಗಿನ ಡಬ್ಬಿ. ನಿಮಗೆ ಸಿಟ್ಟು ಬಂದಿದ್ದು ಸರಿಯೇ. ಆ ವೀಡಿಯೊಗಳು ಏನು ತೋರಿಸುತ್ತಿವೆ ಎಂದು ಹೇಳುವುದೇ ಇಲ್ಲ, ಸುಮ್ನೆ ತಿರುಗಿಸುತ್ತವೆ. ಮೊದಲು ಗಾಜಿನ ಒಂದು ಘನವನ್ನು ನೇರ ಮುಂದಿನಿಂದ ನೋಡುತ್ತಿದ್ದೀರಿ ಎಂದುಕೊಳ್ಳಿ. ಮುಂದಿನ ಮುಖ ದೊಡ್ಡ ಚೌಕ. ಹಿಂದಿನ ಮುಖ ದೂರದಲ್ಲಿರುವುದರಿಂದ ಅದರೊಳಗೆ ಚಿಕ್ಕ ಚೌಕವಾಗಿ ಕಾಣುತ್ತದೆ. ಪಕ್ಕದ ನಾಲ್ಕು ಮುಖಗಳು ಓರೆಯಾಗಿ, ಒಂದು ಕಡೆ ಅಗಲ ಒಂದು ಕಡೆ ಕಿರಿದಾಗಿ ಕಾಣುತ್ತವೆ. ಆದರೂ ನೀವು ಆರೂ ಮುಖ ಒಂದೇ ಅಳತೆ ಎಂದು ತಟ್ಟನೆ ಹೇಳುತ್ತೀರಿ, ಅಲ್ವಾ? ಟೆಸರಾಕ್ಟ್ ಚಿತ್ರವೂ ಹಾಗೇ. ಹೊರಗಿನ ದೊಡ್ಡ ಘನ ಹತ್ತಿರದ್ದು. ಒಳಗಿನ ಚಿಕ್ಕದು ದೂರದ್ದು. ನಡುವೆ ತುದಿ ಕತ್ತರಿಸಿದ ಪಿರಮಿಡ್ಡಿನಂತೆ ಕಾಣುವ ಆರೂ ನಿಜಕ್ಕೂ ಘನಗಳೇ. ಒಟ್ಟು ಎಂಟು ಘನ, ಎಲ್ಲ ಒಂದೇ ಅಳತೆ. ಒಳಗಿನದು ಹೊರಗೆ ಬರುವುದೆಂದರೆ ದೂರದ್ದು ತಿರುಗಿ ಹತ್ತಿರಕ್ಕೆ ಬಂತು ಎಂದಷ್ಟೇ. ಇದನ್ನು ತಿಳಿದು ಆ ವೀಡಿಯೊ ಇನ್ನೊಮ್ಮೆ ನೋಡಿ.

ಎಣಿಸುವುದನ್ನೂ ಮಾಡಿ, ದಯವಿಟ್ಟು. ಗೆರೆಗೆ ಮೂಲೆ ಎರಡು, ಚೌಕಕ್ಕೆ ನಾಲ್ಕು, ಘನಕ್ಕೆ ಎಂಟು, ಟೆಸರಾಕ್ಟ್‌ಗೆ ಹದಿನಾರು. ಅಂಚುಗಳು ಹೇಗೆ? ಘನವನ್ನು ಹೊಸ ದಿಕ್ಕಿಗೆ ಎಳೆದಿರಿ ಅಂದುಕೊಳ್ಳಿ. ಹೊರಟ ಕಡೆ 12 ಅಂಚು, ತಲುಪಿದ ಕಡೆ 12. ಎಂಟು ಮೂಲೆಗಳು ಎಳೆದ ಎಂಟು ಗೆರೆ. ಒಟ್ಟು 32. ಇದೇ ರೀತಿ ಚೌಕಗಳನ್ನು ಎಣಿಸಿದರೆ 24 ಸಿಗುತ್ತದೆ. ಇನ್ನೊಂದು ನನಗೆ ತುಂಬಾ ಪ್ರಿಯವಾದದ್ದು: ಒಂದು ಅಡಿಯ ಚೌಕದ ಕರ್ಣ ಸುಮಾರು 1.414 ಅಡಿ, ಘನದ್ದು ಸುಮಾರು 1.732. ಎರಡೂ ದಶಮಾಂಶ ಮುಗಿಯದ ಸಂಖ್ಯೆಗಳು. ಟೆಸರಾಕ್ಟ್‌ನ ಕರ್ಣ ಸರಿಯಾಗಿ ಎರಡು ಅಡಿ. ಇಷ್ಟು ಚೊಕ್ಕ ಉತ್ತರ ಕೊಡುವ ವಸ್ತು ಅನ್ಯಲೋಕದ್ದು ಎಂದು ಯಾಕೆ ಹೆದರಬೇಕು?

ಹೆದರಿಸುವವರು ಇದ್ದಾರೆ, ಅದಕ್ಕೇ. ನನ್ನ ಬಹಳ ದಿನದ ದೂರು ಇದು. ವಿಜ್ಞಾನ ಬರೆಯುವ ನಮ್ಮಲ್ಲೇ ಅನೇಕರು "ಊಹೆಗೂ ನಿಲುಕದ", "ಬುದ್ಧಿಗೆ ಸವಾಲು" ಎಂದು ಶುರು ಮಾಡುತ್ತಾರೆ. ಓದುಗ ಬೆರಗಾಗಿ ಪುಟ ತಿರುಗಿಸುತ್ತಾನೆ, ಕಲಿತದ್ದು ಸೊನ್ನೆ. ಈ ಬೆರಗಿನ ಬೆನ್ನಿಗೇ ಮೋಸ ಬರುತ್ತದೆ. 1877ರಲ್ಲಿ ಲೈಪ್ಜಿಗ್‌ನ ಖಗೋಳ ವಿಜ್ಞಾನಿ ಝೋಲ್ನರ್, ಹೆನ್ರಿ ಸ್ಲೇಡ್ ಎಂಬ ಪ್ರೇತ ಕರೆಸುವವನ ಮುಂದೆ ಕೂತರು. ಎರಡೂ ತುದಿ ಸೇರಿಸಿ ಮೊಹರು ಹಾಕಿದ ದಾರದಲ್ಲಿ ಗಂಟು ಬಿದ್ದದ್ದು ನೋಡಿ, ಪ್ರೇತಗಳು ನಾಲ್ಕನೇ ಆಯಾಮದಿಂದ ಕೈ ಹಾಕಿದವು ಎಂದು ನಂಬಿದರು. ನಾಲ್ಕು ಆಯಾಮದಲ್ಲಿ ದಾರದ ಗಂಟು ನಿಲ್ಲುವುದಿಲ್ಲ, ಜಾರಿ ಬಿಚ್ಚಿಕೊಳ್ಳುತ್ತದೆ ಎಂಬ ಗಣಿತ ಸರಿ. ಸ್ಲೇಡ್ ಸರಿಯಿರಲಿಲ್ಲ. ಹಿಂದಿನ ವರ್ಷವಷ್ಟೇ ಲಂಡನ್ನಿನಲ್ಲಿ ಅವನ ಮೇಲೆ ವಂಚನೆಯ ಮೊಕದ್ದಮೆ ನಡೆದಿತ್ತು. ಈಗಲೂ ಆತ್ಮ, ಪುನರ್ಜನ್ಮ, ಕನಸು ಎಲ್ಲದಕ್ಕೂ ನಾಲ್ಕನೇ ಆಯಾಮದ ಲೇಬಲ್ ಅಂಟಿಸುವವರಿಗೆ ಬರವಿಲ್ಲ. ಅವರನ್ನು ಕೇಳಿ, ಟೆಸರಾಕ್ಟ್‌ಗೆ ಎಷ್ಟು ಅಂಚು ಅಂತ.

ಇನ್ನೊಂದು ಕಡೆ ಪಾಠಶಾಲೆ. ಕಾಲೇಜಿನ ಹುಡುಗನೊಬ್ಬ ಒಮ್ಮೆ ನನ್ನ ಮುಂದೆ ಎಷ್ಟು ಆಯಾಮ ಬೇಕಾದರೂ ಅಷ್ಟಕ್ಕೆ ದೂರದ ಸೂತ್ರವನ್ನು ಸರಸರ ಬರೆದ. ಒಂದು ಘನವನ್ನು ಅದರ ಉದ್ದ ಕರ್ಣಕ್ಕೆ ಅಡ್ಡವಾಗಿ ಸರಿ ಮಧ್ಯದಲ್ಲಿ ಕೊಯ್ದರೆ ಯಾವ ಆಕಾರ ಬರುತ್ತೆ ಎಂದು ಕೇಳಿದೆ. ಚೌಕ ಅಂದ. ಹುಡುಗ ಜಾಣ, ಸಂದೇಹವೇ ಇಲ್ಲ. ಜೀವಮಾನದಲ್ಲಿ ಒಂದು ಘನವನ್ನು ಅವನ ಕೈಗೆ ಯಾರೂ ಕೊಟ್ಟಿಲ್ಲ, ಕೊಯ್ಯಲು ಬಿಟ್ಟಿಲ್ಲ. ಮೂರನೇ ಆಯಾಮವನ್ನೇ ಮುಟ್ಟಿಸದೆ ನಾಲ್ಕನೆಯದನ್ನು ಸೂತ್ರದಲ್ಲಿ ಕೊಡುವುದು ಈಜು ಬಾರದವನಿಗೆ ಕಡಲಿನ ನಕ್ಷೆ ಕೊಟ್ಟ ಹಾಗೆ. ಪರೀಕ್ಷೆಗೆ ಸೂತ್ರ ಸಾಕು ಎಂದು ಮಾದರಿ ಮಾಡಿಸುವುದನ್ನು ಬಿಟ್ಟೆವು. ರಟ್ಟು, ಅಂಟು, ಕತ್ತರಿ ಎಲ್ಲ ಚಿಕ್ಕಮಕ್ಕಳ ಆಟ ಎಂದು ಮೂಲೆಗೆ ಹಾಕಿದೆವು. ಆಮೇಲೆ ಇವರಿಗೆ ಕಲ್ಪನೆ ಇಲ್ಲ ಎಂದು ಮಕ್ಕಳನ್ನೇ ಬೈಯುತ್ತೇವೆ. ಇದು ಅನ್ಯಾಯ.

ಕಲ್ಪನೆಗೆ ಕಣ್ಣೇ ಬೇಕು ಅಂತಲೂ ಇಲ್ಲ. ಬರ್ನಾರ್ ಮೊರಾಂ ಎಂಬ ಫ್ರೆಂಚ್ ಗಣಿತಜ್ಞರಿಗೆ ಆರು ವರ್ಷಕ್ಕೇ ದೃಷ್ಟಿ ಹೋಗಿತ್ತು. ಗೋಳವೊಂದರ ಒಳಮೈಯನ್ನು ಹೊರಕ್ಕೆ ತರಬೇಕು. ಹರಿಯಬಾರದು, ಚೂಪಾದ ಮಡಿಕೆ ಬೀಳಬಾರದು. ಮೈ ಮೈಯನ್ನು ತೂರಿ ಹೋಗಬಹುದು, ಅಷ್ಟಕ್ಕೆ ಮಾತ್ರ ಅನುಮತಿ. ಇದು ಸಾಧ್ಯ ಎಂದು ಅಮೆರಿಕದ ಗಣಿತಜ್ಞ ಸ್ಟೀವನ್ ಸ್ಮೇಲ್ 1950ರ ದಶಕದಲ್ಲಿ ಸಾಧಿಸಿದಾಗ ಹೇಗೆ ಎಂಬುದು ಯಾರಿಗೂ ಹೊಳೆದಿರಲಿಲ್ಲ. ಅದನ್ನು ಹಂತ ಹಂತವಾಗಿ ಬಿಡಿಸಿಟ್ಟವರಲ್ಲಿ ಮೊರಾಂ ಮುಖ್ಯರು. ಜೇಡಿಮಣ್ಣಿನಲ್ಲಿ ಮಾದರಿ ಮಾಡಿ ಕಣ್ಣಿದ್ದವರಿಗೆ ತೋರಿಸಿದರು. ಕಣ್ಣು ಒಂದು ಕಡೆಯಿಂದ ನೋಡುತ್ತದೆ. ಕೈ ಸುತ್ತಲೂ ಹೋಗುತ್ತದೆ, ಒಳಗೂ ಹೋಗುತ್ತದೆ. ನಾಲ್ಕನೇ ಆಯಾಮಕ್ಕೆ ಬೇಕಾದ ತಿಳಿವಳಿಕೆ ಆ ಜಾತಿಯದು ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಈಗ ನಿಮ್ಮ ಕೊನೆಯ ಪ್ರಶ್ನೆ. ನನಗೆ ಕಾಣುತ್ತಾ? ಎದುರಿನ ಕುರ್ಚಿ ಕಂಡಂತೆ ಕಾಣುವುದಿಲ್ಲ. ಇಡೀ ಆಯುಷ್ಯ ಮುಡಿಪಾಗಿಟ್ಟವನಿಗೆ ಬಹುಶಃ ಕಾಣಬಹುದು ಎಂದು ಫ್ರೆಂಚ್ ಗಣಿತಜ್ಞ ಪ್ವಾಂಕರೆ ಬರೆದಿದ್ದರು. ಅಷ್ಟು ಮುಡಿಪು ನನ್ನದಲ್ಲ. ಆದರೆ ಟೆಸರಾಕ್ಟ್‌ನ ಒಂದು ಘನ ಹೇಳಿ, ಅದಕ್ಕೆ ತಾಗಿದ ಆರು ಯಾವುವು, ತಾಗದ ಒಂದು ಯಾವುದು ಎಂದು ಹೇಳಬಲ್ಲೆ. ಅದನ್ನು ತಿರುಗಿಸಿದಾಗ ಯಾವುದು ಎಲ್ಲಿಗೆ ಹೋಯಿತು ಎಂದು ಹಿಂಬಾಲಿಸಬಲ್ಲೆ. ಈ ಪರಿಚಯ ಜಾಸ್ತಿಯಾಗುತ್ತಾ ಹೋಗುತ್ತದೆ, ಅಷ್ಟು ನನಗೆ ಸಾಕಾಗಿದೆ. ನಿಮಗೂ ಸಿಗುತ್ತದೆ. ಇಷ್ಟು ಉದ್ದ ಪತ್ರ ಬರೆದು ಜಗಳಕ್ಕೆ ಬಂದವರು ನೀವು, ನಿಮಗಲ್ಲದೆ ಇನ್ಯಾರಿಗೆ?

ಒಂದು ಕೆಲಸ ಮಾಡಿ. ಮೆತ್ತನೆಯ ಸೋಪಿನಲ್ಲಿ ಒಂದು ಘನ ಕೆತ್ತಿಕೊಳ್ಳಿ. ಒಂದು ಮೂಲೆ ಮೇಲೆ ಬರುವಂತೆ ಹಿಡಿದು, ಮೇಲಿನಿಂದ ಅಡ್ಡಡ್ಡ ಕೊಯ್ಯುತ್ತಾ ಬನ್ನಿ. ಮೊದಲು ಪುಟ್ಟ ತ್ರಿಕೋನ. ಅದು ದೊಡ್ಡದಾಗುತ್ತದೆ. ಆಮೇಲೆ ಅದರ ಮೂರು ಮೂಲೆಗಳು ಮೊಂಡಾಗುತ್ತವೆ. ಸರಿ ಮಧ್ಯದಲ್ಲಿ ಆರೂ ಬದಿ ಸಮನಾದ ಷಟ್ಕೋನ. ಆ ಹುಡುಗ ಚೌಕ ಅಂದಿದ್ದು ಇದಕ್ಕೆ. ಮುಂದೆ ಮತ್ತೆ ತ್ರಿಕೋನ, ಈ ಸಲ ತಲೆಕೆಳಗಾಗಿ. ಟೆಸರಾಕ್ಟ್ ಕೂಡ ಮೂಲೆ ಮುಂದಾಗಿ ನಮ್ಮ ಕೋಣೆಯ ಮೂಲಕ ಹಾದು ಹೋದರೆ ಮೊದಲು ಒಂದು ಚುಕ್ಕೆ, ಆಮೇಲೆ ಬೆಳೆಯುವ ಚತುರ್ಮುಖ. ನಂತರ ಅದರ ನಾಲ್ಕು ಮೂಲೆಗಳು ಮೊಂಡಾಗತೊಡಗುತ್ತವೆ. ಸರಿ ಮಧ್ಯದಲ್ಲಿ ಬರುವ ಆಕಾರವನ್ನು ನಾನು ಹೇಳುವುದಿಲ್ಲ. ಅದಕ್ಕೆ ಮೂಲೆ ಆರು ಎಂಬ ಸುಳಿವು ಮಾತ್ರ ಇಟ್ಟುಕೊಳ್ಳಿ. ರಟ್ಟಿನಲ್ಲಿ ಮಾಡಿ, ಅದಕ್ಕೆ ಎಷ್ಟು ಮುಖ, ಯಾವ ಆಕಾರದ ಮುಖ ಎಂದು ಬರೆದು ಕಳಿಸಿ. ಗೆಳೆಯರನ್ನೂ ಕೂರಿಸಿಕೊಳ್ಳಿ, ಅವರು ಸಮೀಕರಣದಿಂದ ತಾಳೆ ನೋಡಲಿ.